ನಾಲ್ಕರ ಹನಿ

ಗಂಡನ ಹಣೆಗೆ ವಿಭೂತಿ ಹಚ್ಚುತ್ತಿದ್ದ ಕೈಯನ್ನು ಹಿಂತೆಗೆದು ಶಂಕ್ರಮ್ಮ ಮೈದುನನನ್ನು ಕೇಳಿದಳು, "ಪರಮೇಶ, ನಾಕು ಆತೇನು?"

"ಆತ್ರಿ ವೈನಿ. ಯಾಕ?"

"ಕಣ್ಣಿಗೆ ಹನಿ ಹಾಕೂ ಹೊತ್ತು."

ಜೀಡಿಮೆಟ್ಲಾದ ಆ ಬಾಡಿಗೆ ಕೋಣೆಯಲ್ಲಿ ಹೆಂಗಸರು ಮುಖಮುಖ ನೋಡಿಕೊಂಡರು. ಗಂಡನ ಹೆಣ ಗೋಡೆಗೊರಗಿ ಕೂತಿದೆ, ಈಕೆಗೆ ಔಷಧದ ಚಿಂತೆ! ಅನ್ನುವವರು ಅನ್ನಲಿ. ಅವಳ ಎಡಗಣ್ಣಿಗೆ ಹಿಂದೆ ಹೊಲಿದ ಕಾರ್ನಿಯಾ ಮೈಗೆ ಒಗ್ಗದೆ ಬೆಳ್ಳಗಾಗಿ ಹೋಗಿತ್ತು. ಬಲಗಣ್ಣಿಗೆ ತೀರಿಹೋದ ಯಾರದೋ ಕಾರ್ನಿಯಾ ಹೊಲಿದು ಎಂಟು ತಿಂಗಳು. ಇದಾದರೂ ಉಳಿಯಬೇಕಾದರೆ ಆಸ್ಪತ್ರೆಯವರು ಕೊಟ್ಟ ಹನಿ ತಪ್ಪಬಾರದು. ಹಾಕುತ್ತಿದ್ದ ಬೂದೆಪ್ಪ ಬೆಳಗಿನ ಜಾವ ಎದೆ ಹಿಡಿದು ಕೂತವನು ಏಳಲಿಲ್ಲ. ಬೆಳಗಿನ ಹನಿ ಆಗಲೇ ತಪ್ಪಿತ್ತು.

"ಸೀಸೆ ಕೊಡ್ರಿ, ನಾ ಹಾಕ್ತೀನಿ," ಎಂದು ಬಾಗಿಲಲ್ಲಿದ್ದ ಮೃಣಾಲಿನಿ ಮೇಡಂ ಒಳಬಂದರು. ಬೂದೆಪ್ಪ ಹನ್ನೆರಡು ವರ್ಷ ದುಡಿದದ್ದು ಅವರ ಪ್ರಯೋಗಾಲಯದಲ್ಲೇ.

* * *

ಅಲ್ಲಿ ಮೊಲಗಳಿಗೆ ಕಾರ್ನಿಯಾ ಹೊಲಿದು, ಅದು ಬೆಳ್ಳಗಾಗದಂತೆ ಅರಿಸಿನದ ಸತ್ವದ ಹನಿ ಹಾಕಿ ನೋಡುತ್ತಿದ್ದರು. ಮೊಲವನ್ನು ಕಂಕುಳಲ್ಲಿ ಹಿಡಿದು ಹನಿ ಹಾಕುವುದು ಬೂದೆಪ್ಪನ ಕೆಲಸ. ಏಳು ಮೊಲಗಳ ಕಣ್ಣು ತಿಳಿಯಾಗಿಯೇ ಉಳಿದವು. ಅವನ ಆಸೆ ಕೇಳಬೇಕೆ!

"ಅಕ್ಕಾರ, ಇದು ಮನಷ್ಯಾರಿಗೆ ಯಾವಾಗ ಬರತೈತ್ರಿ?"

"ಇನ್ನೂ ಭಾಳ ವರ್ಷ ಅದ, ಬೂದೆಪ್ಪ," ಎಂದಿದ್ದರು ಮೃಣಾಲಿನಿ.

ಹೆಂಡತಿಯ ಎಡಗಣ್ಣು ಮಸುಕಾಗತೊಡಗಿದಾಗ ಅವನು ಒಂದು ಸೀಸೆಯನ್ನು ಜೇಬಿನಲ್ಲಿಟ್ಟು ಮನೆಗೆ ತಂದ. ಅವಳ ಗಲ್ಲ ಎತ್ತಿಹಿಡಿದ. ಹನಿ ಬೀಳಲಿಲ್ಲ.

"ಹಾಕ್ರಿ. ಅರಿಸಿಣ ಅಲ್ಲೇನು?"

"ಮೊಲಕ್ಕ ಏನರೆ ಆದ್ರ ಪುಸ್ತಕದಾಗ ಬರಕೋತೀವಿ. ನಿನಗ ಆದ್ರ ನಾ ಎಲ್ಲಿ ಬರೀಲಿ?"

ಮರುದಿನ ಸೀಸೆ ಇದ್ದ ಜಾಗಕ್ಕೆ ಹೋಯಿತು. ಕಣ್ಣೂ ಹೋಯಿತು. ಹಾಕಿದ್ದರೆ ಉಳಿಯುತ್ತಿತ್ತೇನೋ ಎಂಬ ಕೊರಗು ಅವನನ್ನು ಕೊನೆತನಕ ಬಿಡಲಿಲ್ಲ.

* * *

ಮೃಣಾಲಿನಿಯ ಮೊದಲ ಹನಿ ಶಂಕ್ರಮ್ಮನ ಕೆನ್ನೆಗೆ ಬಿತ್ತು.

"ತಪ್ಪಾತ್ರಿ. ಹನ್ನೆರಡು ವರ್ಷ ನಾ ಒಂದೂ ಹಾಕಿಲ್ಲ, ಎಲ್ಲಾ ಅವನೇ ಹಾಕ್ತಿದ್ದ." ಎರಡನೆಯದು ಕಣ್ಣಿಗೇ ಬಿತ್ತು. "ಐದು ನಿಮಿಷ ಮುಚ್ಚಿರ್ರಿ. ಅಳಬ್ಯಾಡ್ರಿ, ಔಷಧ ಹರದು ಹೋಗ್ತದ."

ಅಷ್ಟರಲ್ಲಿ ಗಂಡಸರು ಬೂದೆಪ್ಪನನ್ನು ಹೊರಗೊಯ್ದು, ಹೂ ಕಟ್ಟಿದ ಶವದ ವಿಮಾನದಲ್ಲಿ ಕೂರಿಸಿ ಹೆಗಲಿಗೇರಿಸಿದ್ದರು. ಪರಮೇಶ ಓಡಿಬಂದ.

"ವೈನಿ, ಹೊಂಟ್ರು. ಕಣ್ ತೆರದು ಕಡೀ ಸಲ ಮಾರಿ ನೋಡ್ರಿ."

ಆ ಮುಖ ನೋಡಲು ಅವಳ ಜೀವ ಹಾತೊರೆಯಿತು. ರೆಪ್ಪೆ ನಡುಗಿತು.

"ನಿಂದರಸು. ಅವರಿದ್ರ ತೆರೀಲಿಕ್ಕ ಬಿಡ್ತಿದ್ದಿಲ್ಲ."

"ಹೆಗಲ ಮ್ಯಾಲೆ ತಗೊಂಡು ನಿಂದರಬಾರದವಾ," ಎಂದರು ಹಿರಿಯರೊಬ್ಬರು.

"ನಿಂದರ್ರೀ!" ಎಂದು ಪರಮೇಶನೇ ಕೂಗಿದ.

ನಿಂತರು. ಓಣಿಯಲ್ಲಿ ನೀರಿನ ಟ್ಯಾಂಕರು ಹಾರನ್ ಹೊಡೆಯಿತು. ನಾಲ್ಕು ಮಂದಿ ಹೆಗಲು ಬದಲಿಸಲಿಲ್ಲ. ಶಂಕ್ರಮ್ಮ ಅಳು ನುಂಗಿಕೊಂಡು, ಮೃಣಾಲಿನಿಯ ಕೈ ಹಿಡಿದು ಹೊಸ್ತಿಲು ದಾಟಿ, ಕಣ್ಣು ಮುಚ್ಚಿಯೇ ಮುಖ ಮೇಲೆತ್ತಿ ನಿಂತಳು.

"ಐದು ನಿಮಿಷ ಆತ್ರಿ ವೈನಿ."

ತೆರೆದಳು. ಬಿಸಿಲಿನಲ್ಲಿ, ಎಲ್ಲರ ತಲೆಗಿಂತ ಮೇಲೆ ಅವನು ಕೂತಿದ್ದ. ಗದ್ದದ ಅಡಿಯಲ್ಲಿ ಮೊಲ ಗೀರಿದ ಕೂದಲೆಳೆಯಷ್ಟು ಸಣ್ಣ ಗೆರೆಯೊಂದಿತ್ತು. ಅದನ್ನು ಅವನು ಹೇಳಿರಲಿಲ್ಲ, ಅವಳೂ ಇಂದಿನವರೆಗೆ ಕಂಡಿರಲಿಲ್ಲ.