ಪರದೆ ಎಳೆದ ಹಾಸಿಗೆ

"ಈ ಹಾಸಿಗೆ ಖಾಲಿ ಇಲ್ಲ," ಎನ್ನುತ್ತ ಸಿಸ್ಟರ್ ಡೋರೀನ್ ಕಿಟಕಿ ಪಕ್ಕದ ಖಾಲಿ ಹಾಸಿಗೆಯ ಸುತ್ತ ಪರದೆ ಎಳೆದರು. "ನೀನೇನೂ ನೋಡಿಲ್ಲ. ಗೊತ್ತಾಯ್ತಾ ಚಿನ್ನಾ?"

ಹ್ಯಾಟಿ ತಲೆಯಾಡಿಸಿದಳು. ಹೋದ ವರ್ಷ ಇದೇ ವಾರ್ಡಿನಲ್ಲಿ ಸ್ಟೆತಸ್ಕೋಪ್ ನೇತುಹಾಕಿಕೊಂಡು ಓಡಾಡಿದವಳು. ಈಗ ಡಾಕ್ಟರಿಕೆಯ ಓದಿಗೆ ಒಂದು ವರ್ಷ ಬಿಡುವು ಕೊಟ್ಟು ಆಸ್ಪತ್ರೆ ಆಡಳಿತ ಓದುತ್ತಿದ್ದಾಳೆ. ರೋಗಿಗಳಿಗೆ ಹಾಸಿಗೆ ಯಾಕೆ ತಡವಾಗಿ ಸಿಗುತ್ತದೆ ಎಂಬುದೇ ಅವಳ ಅಧ್ಯಯನ. ರೋಗಿಯನ್ನು ಮಾತ್ರ ಮುಟ್ಟುವಂತಿಲ್ಲ. ಅತ್ತ ಡಾಕ್ಟರೂ ಅಲ್ಲ, ಇತ್ತ ಅಧಿಕಾರಿಯೂ ಅಲ್ಲ. ಎಡಬಿಡಂಗಿಯ ಹಾಗೆ ದಿನವಿಡೀ ಮಹಡಿ ಹತ್ತಿಳಿಯುತ್ತಾಳೆ. ಕೈ ಎಲ್ಲಿಟ್ಟುಕೊಳ್ಳಬೇಕೆಂದೇ ಅವಳಿಗೆ ತಿಳಿಯುವುದಿಲ್ಲ.

ಹಾಸಿಗೆ ಅಡಗಿಸುವುದು ಎಲ್ಲ ವಾರ್ಡುಗಳ ಹಳೇ ಚಾಳಿ. ಖಾಲಿ ಎಂದು ಬಾಯಿಬಿಟ್ಟರೆ ನರ್ಸುಗಳ ಊಟ ಮುಗಿಯುವ ಮೊದಲೇ ಹೊಸ ರೋಗಿ ಬಂದಿಳಿಯುತ್ತಾನೆ. ಅದು ಹ್ಯಾಟಿಗೂ ಗೊತ್ತು. ಆದರೆ ಕೆಳಗೆ ವಿಲ್ಫ್ ಗಾರ್ಟನ್ ಇದ್ದರು.

ತುರ್ತು ವಿಭಾಗದ ಕಾರಿಡಾರಿನಲ್ಲಿ, ಆಂಬುಲೆನ್ಸ್ ಬಾಗಿಲಿನ ಪಕ್ಕದಲ್ಲೇ, ಅವರು ನಿನ್ನೆಯಿಂದ ಟ್ರಾಲಿಯ ಮೇಲೆ ಮಲಗಿದ್ದರು. ಬಾಗಿಲು ತೆರೆದಾಗಲೆಲ್ಲ ಉತ್ತರ ಸಮುದ್ರದ ಗಾಳಿ ನೇರವಾಗಿ ಅವರ ಮೇಲೆ.

"ಐಸ್‌ಲ್ಯಾಂಡ್ ತನಕ ಮೀನು ಹಿಡಿಯೋಕೆ ಹೋಗಿದೀನಿ ಡಾಕ್ಟ್ರಮ್ಮಾ," ಎಂದು ಮುದುಕ ಕೆಮ್ಮಿದರು. "ಅಲ್ಲೂ ಹಿಂಗೆ ನಡುಗಿರ್ಲಿಲ್ಲ."

"ಈ ವರ್ಷ ನಾನು ಡಾಕ್ಟ್ರಲ್ಲ, ವಿಲ್ಫ್."

"ಮತ್ತೇನು?"

ಡೋರೀನ್ ಹೇಳಿದ ಗುಟ್ಟು ಹ್ಯಾಟಿಯ ಬಾಯಲ್ಲಿ ಬಿಸಿ ತುಪ್ಪವಾಗಿತ್ತು.

ಮಧ್ಯಾಹ್ನ ಹಾಸಿಗೆ ಹಂಚುವ ಸಭೆ. ಮ್ಯಾನೇಜರ್ ನಾರ್ಮನ್ ಒಬ್ಬೊಬ್ಬ ಸಿಸ್ಟರನ್ನೂ ಕೇಳುತ್ತ ಬಂದ.

"ನಮ್ಮಲ್ಲಿ ಒಂದೂ ಇಲ್ಲ," ಎಂದರು ಡೋರೀನ್, ಕಣ್ಣೂ ಮಿಟುಕಿಸದೆ.

"ಇದೆ!" ಹ್ಯಾಟಿಗೆ ತನ್ನ ದನಿ ಕೇಳಿ ತನಗೇ ಗಾಬರಿಯಾಯಿತು. "ಕಿಟಕಿ ಪಕ್ಕದ್ದು ಖಾಲಿ ಇದೆ. ವಿಲ್ಫ್‌ಗೆ ಕೊಡಿ, ಪ್ಲೀಸ್."

ಡೋರೀನ್ ಮೇಜನ್ನೇ ನೋಡುತ್ತ ಕೂತರು.

"ಭೇಷ್," ಎಂದು ನಾರ್ಮನ್ ಫೋನೆತ್ತಿಕೊಂಡ. "ಆ ಕಾಲು ಊದಿರೋ ಮೇಷ್ಟ್ರನ್ನ ಮೇಲೆ ಕಳ್ಸಿ. ಇಷ್ಟು ಗಂಟೆಯೊಳಗೆ ಹಾಸಿಗೆ ಕೊಡ್ಬೇಕು ಅಂತ ಸರ್ಕಾರ ಹಾಕಿರೋ ಗಡುವು ಅವರಿಗೆ ಇನ್ನೇನು ಮುಗಿಯುತ್ತೆ."

"ಮೇಷ್ಟ್ರಾ? ವಿಲ್ಫ್ ನಿನ್ನೆಯಿಂದ ಕಾಯ್ತಿದಾರೆ!"

"ಅದಕ್ಕೇ ಅಮ್ಮಾ. ಅವರ ಗಡುವು ಬೆಳಿಗ್ಗೆನೇ ದಾಟಿಹೋಯ್ತು. ದಾಟಿದ್ದು ದಾಟ್ತು, ಈಗ ಹಾಸಿಗೆ ಕೊಟ್ರೂ ನಮ್ಮ ಮೇಲೆ ಬಿದ್ದ ಕಪ್ಪು ಚುಕ್ಕೆ ಹೋಗಲ್ಲ. ಮೇಷ್ಟ್ರದ್ದಾದ್ರೆ ಉಳಿಸ್ಕೋಬಹುದು." ಅವನು ನಕ್ಕ. ಕೆಟ್ಟವನೇನಲ್ಲ, ದಣಿದಿದ್ದ. "ನೀವು ಓದೋಕೆ ಬಂದಿರೋದು ಇದನ್ನೇ ತಾನೇ?"

ಮೆಟ್ಟಿಲ ಬಳಿ ಹ್ಯಾಟಿ ಓಡಿಹೋಗಿ ಡೋರೀನರನ್ನು ಹಿಡಿದಳು. ಬೈದಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತು.

"ಸಭೆ ಮುಗಿದ್ಮೇಲೆ ನಾರ್ಮನ್ ಊಟಕ್ಕೆ ಹೋಗ್ತಾನೆ," ಎಂದರು ಡೋರೀನ್ ಮೆಲ್ಲಗೆ. "ಆಗ ವಿಲ್ಫ್‌ನ ಸದ್ದಿಲ್ದೆ ಮೇಲಕ್ಕೆ ತರ್ಸೋಣ ಅಂತಿದ್ದೆ. ವಿಲ್ಫ್‌ಗೇ ಇಟ್ಟಿದ್ದೆ ಕಣೇ ಆ ಹಾಸಿಗೆ."

"ನಂಗ್ಯಾಕೆ ಹೇಳ್ಲಿಲ್ಲ ಸಿಸ್ಟರ್?"

"ಹೋದ ವರ್ಷದ ಹ್ಯಾಟಿ ಆಗಿದ್ರೆ ಹೇಳ್ತಿದ್ದೆ."

ಡೋರೀನ್ ಮೇಷ್ಟ್ರ ಹಾಸಿಗೆ ಸಿದ್ಧಮಾಡಲು ಮೇಲೆ ಹೋದರು. ಹ್ಯಾಟಿಗೆ ಅಳು ಬಂತು. ತನ್ನ ಮೇಲೇ ಸಿಟ್ಟೂ ಬಂತು. ಕೆಳಗಿಳಿದು ಬಂದರೆ ಕಾರಿಡಾರಿನ ಉದ್ದಕ್ಕೂ ಟ್ರಾಲಿಗಳು. ವಿಲ್ಫ್‌ರ ಟ್ರಾಲಿಯನ್ನು ಒಂದು ಗೇಣು ಸರಿಸಲೂ ಜಾಗವಿರಲಿಲ್ಲ.

"ಬಂದ್ಯಾ?" ಎಂದರು ಅವರು. "ಏನಾದ್ರೂ ಸಿಕ್ತಾ?"

"ಇನ್ನೂ ಇಲ್ಲ."

ಅವಳು ಟ್ರಾಲಿಗೂ ಬಾಗಿಲಿಗೂ ನಡುವೆ ಹೋಗಿ ನಿಂತಳು. ಹೊರಗೆ ಇನ್ನೊಂದು ಆಂಬುಲೆನ್ಸ್ ಬಂದು ನಿಂತ ಸದ್ದಾಯಿತು. ಬಾಗಿಲು ತೆರೆದುಕೊಳ್ಳುತ್ತಿದ್ದಂತೆ ಹ್ಯಾಟಿ ಕೋಟಿನ ಗುಂಡಿ ಬಿಚ್ಚಿ, ಎರಡೂ ಅಂಚು ಹಿಡಿದು ಅಗಲಿಸಿ, ಗಾಳಿಗೆ ಬೆನ್ನು ಕೊಟ್ಟಳು.