ಪಟ್ಟಲಮ್ಮನ ನಾಲ್ಕು ಹೆಬ್ಬೆಟ್ಟು

ವೀಣ ಮೇಡಂ ಆ ರಿಜಿಸ್ಟರನ್ನು ತಾವಾಗಿಯೇ ಎತ್ತಿಕೊಂಡು ಹೋಗಿ ಹೆಡ್‌ಮಾಸ್ಟರ ಮೇಜಿನ ಮೇಲೆ ಇಟ್ಟರು. ತನ್ನಿ ಎಂದು ಯಾರೂ ಕೇಳಿರಲಿಲ್ಲ. ಆಮೇಲೆ ಎಷ್ಟು ಹಳಹಳಿಸಿದರೇನು, ಇಟ್ಟದ್ದು ಇಟ್ಟದ್ದೇ.

ಮದ್ದೂರಿನಿಂದ ಚಿಕ್ಕರಸಿನಕೆರೆ ಕಡೆಗೆ ಹೋಗುವ ಬಸ್ಸಿನ ದಾರಿಯಲ್ಲಿ ಅವರ ಶಾಲೆ. ಲೈಬ್ರರಿ ಎಂದರೆ ಒಂದು ಕಬ್ಬಿಣದ ಬೀರು, ಅದರ ಬೀಗದ ಕೈ ವೀಣ ಅವರ ಬಳಿ. ಅವರು ಮಾಡಿದ ಕಾನೂನು ಒಂದೇ. ಶನಿವಾರ ಪುಸ್ತಕ ಒಯ್ದ ಮಗು ಮನೆಯಲ್ಲಿ ಯಾರಿಗಾದರೂ ಅದನ್ನು ಗಟ್ಟಿಯಾಗಿ ಓದಿ ಹೇಳಬೇಕು. ಕೇಳಿದವರು ಚೀಟಿಗೆ ಸಹಿ ಹಾಕಬೇಕು, ಸಹಿ ಬಾರದವರು ಹೆಬ್ಬೆಟ್ಟು ಒತ್ತಬೇಕು. ಸೋಮವಾರ ಆ ಚೀಟಿ ರಿಜಿಸ್ಟರಿಗೆ ಅಂಟುತ್ತಿತ್ತು.

ಆರನೇ ತರಗತಿಯ ಚಂದನ ಜೂನ್‌ನಲ್ಲಿ ಒಂದೊಂದು ಅಕ್ಷರಕ್ಕೂ ಬೆರಳಿಟ್ಟು, ಎರಡನೆಯದಕ್ಕೆ ಹೋಗುವಷ್ಟರಲ್ಲಿ ಮೊದಲನೆಯದನ್ನು ಮರೆಯುತ್ತಿದ್ದ ಹುಡುಗಿ. ಅವಳ ಕೈಗೆ ಒಂದು ತೆಳ್ಳನೆಯ ಪುಸ್ತಕ ಸಿಕ್ಕಿತು. ಟೀ ಅಂಗಡಿಯಲ್ಲಿ ತನ್ನ ಅಜ್ಜಿಗೆ ಮಾತ್ರ ಯಾಕೆ ಬೇರೆ ಲೋಟ ಎಂದು ಕೇಳುವ ಹುಡುಗಿಯ ಕತೆ. ಮೊದಲ ವಾರ ಎರಡು ಪುಟ ಓದುವುದರೊಳಗೆ ಚಂದನ ಬೆವೆತುಹೋದಳು. ಅವಳ ಅಜ್ಜಿ ಪಟ್ಟಲಮ್ಮ ಬಿಟ್ಟರೆ ತಾನೆ!

"ಇದು ನನ್ ಕತೆ ಕಣವ್ವ. ಇನ್ನೊಂದ್ ಸಲ ಓದು."

ನಾಲ್ಕು ಶನಿವಾರ ಅದೇ ಪುಸ್ತಕ. ಪಾತ್ರೆ ತಳದ ಮಸಿಯಲ್ಲಿ ನಾಲ್ಕು ಹೆಬ್ಬೆಟ್ಟು. ನಾಲ್ಕನೆಯ ವಾರ ಚಂದನ ಬೆರಳಿಡದೆ ಓದಿದಳು. ಹನ್ನೊಂದು ವರ್ಷದ ನೌಕರಿಯಲ್ಲಿ ವೀಣ ಅವರಿಗೆ ಅಂಥ ಸಂತೋಷ ಆಗಿರಲಿಲ್ಲ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಪುಸ್ತಕದಲ್ಲಿ ಊರಿನ ಹೆಸರೇ ಇಲ್ಲ. ಆದರೂ ಶಾಲಾ ಸಮಿತಿಯ ಅಧ್ಯಕ್ಷ ಜಯಪ್ರಕಾಶ್ ಅದನ್ನು ತಂದು ಹೆಡ್‌ಮಾಸ್ಟರ್ ರಘುನಂದನ್ ಮುಂದೆ ಕುಕ್ಕಿದ. ಅವನ ಅಪ್ಪ ಒಂದು ಕಾಲಕ್ಕೆ ಬಸ್ ಸ್ಟಾಪಿನಲ್ಲಿ ಟೀ ಅಂಗಡಿ ಇಟ್ಟಿದ್ದವನು.

"ಊರೊಳ್ಗೆ ಇಲ್ದಿರೋ ಬೆಂಕಿ ಅಚ್ಚಾಕೆ ಇಂತಾವ್ನ ಮಡುಗಿದ್ದೀರಾ? ಇದ್ನ ಓದಿ ಮಕ್ಳು ಏನ್ ಉದ್ಧಾರ ಆಗ್ಬೇಕು?"

ಏನು ಉದ್ಧಾರ ಎಂದು ತೋರಿಸಲೆಂದೇ ವೀಣ ರಿಜಿಸ್ಟರ್ ತಂದದ್ದು. "ನೋಡಿ ಸರ್, ಅಕ್ಷರ ಕೂಡಿಸೋಕೆ ಬರ್ದಿದ್ದ ಮಗು ಇದನ್ನ ನಾಲ್ಕು ಸಲ ಓದಿದೆ" ಎಂದು ಹೆಮ್ಮೆಯಿಂದ ಪುಟ ತೆರೆದರು.

ಜಯಪ್ರಕಾಶ್ ಮಗುವಿನ ಹೆಸರು ನೋಡಲಿಲ್ಲ. ಹೆಬ್ಬೆಟ್ಟಿನ ಕೆಳಗೆ ವೀಣ ತಮ್ಮ ದುಂಡನೆಯ ಅಕ್ಷರದಲ್ಲಿ ಬರೆದಿದ್ದ ಹೆಸರು ನೋಡಿದ.

"ಪಟ್ಟಲಮ್ಮ! ನಮ್ ಕಬ್ಬಿನ್ ಗದ್ದೇಲಿ ಕಳೆ ಕೀಳೋಳು. ನಾಕ್ ಸಲ ಒತ್ತವ್ಳಾ?"

ಮೊಬೈಲಿನಲ್ಲಿ ಪುಟದ ಫೋಟೊ ತೆಗೆದುಕೊಂಡ. ಅವನು ಹೋದ ಮೇಲೆ ರಘುನಂದನ್, "ಇನ್ನು ಪಠ್ಯಪುಸ್ತಕ ಸಾಕು ಮೇಡಂ" ಎಂದು ಬೀಗದ ಕೈಗೆ ಕೈ ಚಾಚಿದರು. ಬೇಡವಾದದ್ದು ಒಂದು ಪುಸ್ತಕ, ಮುಚ್ಚಿದ್ದು ಇಡೀ ಬೀರು. ಹೇಡಿಗಳ ಲೆಕ್ಕವೇ ಹಾಗೆ.

ಸೋಮವಾರ ಚಂದನ ತಲೆ ತಗ್ಗಿಸಿಕೊಂಡು ಬಂದಳು. "ಅಜ್ಜಿ ಹೆಬ್ಬೆಟ್ಟು ಅವ್ರ ಫೋನಲ್ಲಿ ಅದಂತೆ ಮಿಸ್. ಕೆಲ್ಸಕ್ಕೆ ಬರ್ಬೇಡ ಅಂದ್ರಂತೆ."

ಹೆಬ್ಬೆಟ್ಟು ಒತ್ತಿ ಇದ್ದ ಹತ್ತು ಗುಂಟೆ ಕಳೆದುಕೊಂಡವನ ಮಗಳು ಪಟ್ಟಲಮ್ಮ. ಅವರಿಗೆ ಭಯ ಆಗದೆ ಇನ್ನಾರಿಗೆ ಆಗಬೇಕು? ವೀಣ ಅವರಿಗೆ ತಮ್ಮ ಕೈಯನ್ನೇ ಕಡಿದುಕೊಳ್ಳಬೇಕು ಎನ್ನಿಸಿತು.

ಎರಡು ತಿಂಗಳು ಕಳೆಯಿತು. ಪಾಠ ಓದು ಎಂದರೆ ಚಂದನಳ ಬೆರಳು ಮತ್ತೆ ಅಕ್ಷರದ ಕೆಳಗೆ ಬಂದು ಕೂತಿತ್ತು. ಮೂರನೆಯ ಪದಕ್ಕೆ ನಿಂತುಬಿಡುತ್ತಿದ್ದಳು.

ತಡೆಯಲಾರದೆ ವೀಣ ಒಂದು ಸಂಜೆ ಮಂಡ್ಯದಲ್ಲಿ ಕೊಂಡ ಬೇರೊಂದು ಕತೆ ಪುಸ್ತಕ ಹಿಡಿದು ಅವರ ಮನೆಗೇ ಹೋದರು. ಪಟ್ಟಲಮ್ಮ ಜಗಲಿಯ ಮೇಲೆ ಹುಣಸೆ ಬೀಜ ಬಿಡಿಸುತ್ತಿದ್ದರು, ಪಕ್ಕದಲ್ಲಿ ಚಂದನ. ಮೇಡಂ ಕಂಡದ್ದೇ ಬಲಗೈ ಸೆರಗಿನೊಳಗೆ ಹೋಯಿತು.

"ಚೀಟಿ ಬೇಡಮ್ಮ, ಹೆಬ್ಬೆಟ್ಟೂ ಬೇಡ. ನೀವು ಸುಮ್ಮನೆ ಕೇಳಿಸಿಕೊಳ್ಳಿ ಸಾಕು. ನೀವು ಕೇಳಿದರೇ ಅವಳು ಓದೋದು."

"ಏನಂದ್ರೋ ಗೊತ್ತಾಗ್ನಿಲ್ಲ ಮೇಡಮ್ಮೋರೆ. ನಂಗೆ ಕಿವಿ ಕೇಳಾಕಿಲ್ಲ. ಬೋ ದಿನ ಆಯ್ತು."

ವೀಣ ಪುಸ್ತಕವನ್ನು ಚಂದನಳ ಕೈಗಿಟ್ಟು, ಗಟ್ಟಿಯಾಗಿ ಮತ್ತೊಮ್ಮೆ ಹೇಳಿದರು. ಪಟ್ಟಲಮ್ಮ ತಲೆಯಾಡಿಸಿದರು. ಚಂದನ ಅಜ್ಜಿಯ ಮುಖ ನೋಡಿ, ಪುಸ್ತಕವನ್ನು ಮೇಡಂ ಕೈಗೇ ವಾಪಸು ಕೊಟ್ಟಳು.

ಇದ್ದಕ್ಕಿದ್ದ ಹಾಗೆ ಪಟ್ಟಲಮ್ಮ ಕತ್ತೆತ್ತಿದರು.

"ಬಸ್ಸು ಬತ್ತಾ ಅದೆ ಮೇಡಮ್ಮೋರೆ, ಓಡಿ. ಇದ್ ಬುಟ್ರೆ ಇನ್ನಿಲ್ಲ."

ವೀಣ ಕಿವಿಗೊಟ್ಟರು. ಅವರಿಗೆ ಏನೂ ಕೇಳಿಸಲಿಲ್ಲ. ಪುಸ್ತಕ ಹಿಡಿದುಕೊಂಡು ರಸ್ತೆಗೆ ಬಂದು ನಿಂತ ಮೇಲೆ, ದೂರದ ತಿರುವಿನಿಂದ ಬಸ್ಸಿನ ಹಾರನ್ ಕೇಳಿಸಿತು.