ತೊಳೆದು ಕೊಟ್ಟ ಲಂಗ

“ಮುಟ್ಠಾಳ ಹೆಂಗಸೇ, ಇದನ್ನ ತೊಳಿ ಅಂತ ನಿನಗೆ ಯಾರು ಹೇಳಿದ್ದು?”

ಹಾಲ್ಡೇನ್ ಸಾಹೇಬ ನನ್ನ ಲಂಗವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಕೂಗಿದ. ದೊಡ್ಡಮನೆಯ ಆಳುಗಳೆಲ್ಲ ಕಿಟಕಿಗೆ ಬಂದರು. ಅವನು ಲಂಡನ್ನಿನಿಂದ ನಮ್ಮ ವೇಲ್ಸಿಗೆ ಹುಲ್ಲು ಕೊಯ್ಲಿನ ಫೋಟೋ ತೆಗೆಯಲು ಬಂದವನು. ಅದು ಬರೀ ಫೋಟೋ ಅಲ್ಲವಂತೆ, ಕಲೆಯಂತೆ. ಅದರಲ್ಲಿ ರೈತನಾಗಿ ನಿಲ್ಲುವವನು ನನ್ನ ಗಂಡ ಎಮ್ರಿಸ್, ರೈತನ ಹೆಂಡತಿಯಾಗಿ ನಿಲ್ಲುವವಳು ಧಣಿಯ ಮಗಳು ಮಿಸ್ ಕಾನ್‌ಸ್ಟನ್ಸ್. ಅವಳಿಗೆ ಉಡಲು ನನ್ನ ಬಟ್ಟೆ ಬೇಕೆಂದು ಅಪ್ಪಣೆಯಾಗಿತ್ತು. ನಾವು ಧಣಿಯ ಒಕ್ಕಲು. ಇಲ್ಲವೆಂದರೆ ಮನೆ ಖಾಲಿ ಮಾಡಬೇಕು. ಕೆಲಸಕ್ಕೆ ಉಡಲು ನನಗಿದ್ದದ್ದೇ ಒಂದು ಲಂಗ. ಅಂಥವಳ ಮೈಗೆ ನನ್ನ ಬೆವರು ತಾಗಬಾರದೆಂದು ಹೊಳೆಯಲ್ಲಿ ಕೈ ಕೆಂಪಾಗುವಂತೆ ಉಜ್ಜಿ ಒಗೆದಿದ್ದೆ.

“ನನಗೆ ಬೇಕಿದ್ದದ್ದೇ ಆ ಕೊಳೆ,” ಎಂದ. “ಉಟ್ಕೊಂಡು ಹೋಗು. ಇವತ್ತು ಪೂರ್ತಿ ಸಗಣಿ ಹೊತ್ತು, ನಾಳೆ ತಂದು ಕೊಡು.”

“ಬುದ್ಧಿ, ನಾನೇ ನಿಂತ್ಕಂತೀನಲ್ಲ? ಅವನು ನನ್ ಗಂಡನೇ ಅಲ್ವರಾ?”

ಅವನು ನಕ್ಕುಬಿಟ್ಟ. “ಕ್ಯಾಮೆರಾ ಪೆಟ್ಟಿಗೆ ಮುಂದೆ ನಿಮ್ಮಂಥೋರ ಮುಖ ನೋಡೋಕಾಗಲ್ಲ. ರೈತ ಹೆಂಗಸಿನ ಹಾಗೆ ಕಾಣೋದಕ್ಕೂ ನಯ ನಾಜೂಕು ಬೇಕು.”

ನನ್ನ ಗಂಡ ಮಾತ್ರ ಆಗಬಹುದಂತೆ. ಅವನ ಭುಜ ಚೆನ್ನಾಗಿದೆಯಂತೆ. ಅದೇನು ನನಗೆ ಗೊತ್ತಿಲ್ಲದ ಸಂಗತಿಯೇ?

ಸಗಣಿ ಹೊತ್ತೆ. ಮಾರನೆಯ ಬೆಳಗ್ಗೆ ಎಮ್ರಿಸ್ ತಲೆಗೆ ನೀರು ಹಚ್ಚಿ ಬಾಚುತ್ತಿದ್ದ.

“ಏನಯ್ಯಾ, ಪ್ರಾರ್ಥನೆಗೆ ಹೊಂಟಿದ್ದೀಯಾ?”

“ಹಂಗೇ ಸುಮ್ನೆ ಕಣೇ ನೆಸ್ಟಾ.”

“ಧಣಿ ಮಗಳು ಮೈಮ್ಯಾಲೆ ಒರಗ್ತಾಳಂತಲ್ಲ. ಒರಗಿಸ್ಕೊ ಹೋಗು, ಮುಂಡೇದೆ.”

“ನಾನೇನ್ ಕೇಳ್ಕಂಡ್ನಾ? ತಲೆಮ್ಯಾಲೆ ಸೂರು ಉಳೀಬೇಕೋ ಬ್ಯಾಡ್ವೋ?”

“ಸೂರು ಉಳ್ಸಾಕೆ ಕ್ರಾಪು ಬಾಚ್ಬೇಕಾ?”

ಅವನು ಬಾಚುವುದನ್ನು ನಿಲ್ಲಿಸಲಿಲ್ಲ.

ದೊಡ್ಡಮನೆಯ ಹಿಂದಿನ ಕೋಣೆಯಲ್ಲಿ ಲಂಗ, ಶಾಲು ಬಿಚ್ಚಿ ಕೊಟ್ಟೆ. ಮಿಸ್ ಕಾನ್‌ಸ್ಟನ್ಸ್ ಮೂಗು ಮುಚ್ಚಿ ಕಿಲಕಿಲ ನಗುತ್ತಾ ಉಟ್ಟುಕೊಂಡಳು. ಫೋಟೋ ಮುಗಿಯುವವರೆಗೆ ಹೊರಗೆ ತಲೆ ಹಾಕಬಾರದೆಂದು ಹೇಳಿ ಹೋದಳು. ಒಳಂಗಿಯಲ್ಲಿ ಕಿಟಕಿಯ ಹತ್ತಿರ ನಿಂತೆ. ಹುಲ್ಲುಗಾವಲು ಅಲ್ಲಿಂದಲೇ ಕಾಣುತ್ತಿತ್ತು.

ಅವಳು ಎಮ್ರಿಸ್‌ನ ಹೆಗಲಿಗೆ ಒರಗಿ ಕೂತಳು.

“ನಿನ್ನ ಹೆಂಡತೀನ ನೋಡೋ ಹಾಗೆ ನೋಡಯ್ಯಾ!” ಎಂದು ಸಾಹೇಬ ಕೂಗಿದ್ದು ಕೇಳಿಸಿತು.

ನೋಡಿದ. ಮದುವೆಯಾದ ಹೊಸತರಲ್ಲೂ ಅವನು ನನ್ನನ್ನು ಹಾಗೆ ನೋಡಿದವನಲ್ಲ. ಅವಳ ಮೈಮೇಲಿದ್ದದ್ದು ನನ್ನ ಲಂಗ, ನನ್ನ ಶಾಲು, ನಾನು ಹೊತ್ತ ಸಗಣಿ. ಅದರೊಳಗೆ ನಾನಿದ್ದಾಗ ಕಾಣದ್ದು ಇವನಿಗೆ ಈಗೇನು ಕಂಡಿತು? ಹಾಳಾದವಳಿಗೆ ಆಸ್ತಿಯೆಲ್ಲ ಇದ್ದೂ ನನ್ನ ಪಾಲಿಗಿದ್ದ ಇದೊಂದೂ ಬೇಕಾಯಿತೇ?

ಕುರ್ಚಿಯ ಮೇಲೆ ಅವಳ ನೀಲಿ ರೇಷ್ಮೆ ಗೌನು ಬಿದ್ದಿತ್ತು. ತೊಟ್ಟುಕೊಂಡೆ. ನನ್ನ ಬೆನ್ನಿಗೆ ಅದರ ಗುಂಡಿ ಕೂಡಲಿಲ್ಲ, ಹಾಗೇ ಬಿಟ್ಟು ನಡೆದೆ. ಆಳುಗಳು “ಅಯ್ಯಯ್ಯೋ!” ಎಂದದ್ದು ಕಿವಿಗೆ ಬಿತ್ತು.

ಬೇಲಿ ದಾಟುತ್ತಿದ್ದಂತೆ ಎಮ್ರಿಸ್ ನೀಲಿ ರೇಷ್ಮೆಯನ್ನು ಕಂಡ. ದಡಕ್ಕನೆ ಎದ್ದು ನಿಂತ. ಟೋಪಿ ತೆಗೆದ. ತಲೆ ತಗ್ಗಿಸಿದ.

“ಅಲುಗಾಡಬೇಡ ಅಂದೆನಲ್ಲೋ! ಹಾಳಾಯ್ತು!” ಎಂದು ಸಾಹೇಬ ಚೀರಿದ.

“ಬನ್ನಿ ಅಮ್ಮಾವ್ರೇ,” ಎಂದ ನನ್ನ ಗಂಡ, ನನಗೆ, ನೆಲ ನೋಡುತ್ತಲೇ.

“ತಲೆ ಎತ್ತೋ,” ಎಂದೆ.

ಎತ್ತಿದ. ಅವನ ಮುಖ ಬಿಳಿಚಿಕೊಂಡಿತು. “ನೆಸ್ಟಾ, ಬಿಚ್ಚೇ ಅದನ್ನ. ಬೀದಿಗೆ ಬೀಳ್ತೀವಿ ಕಣೇ.”

“ಅವಳ್ನ ನೋಡ್ದಂಗೆ ನೋಡು.”

ಅವನ ಕಣ್ಣು ನನ್ನ ಮೇಲೆ ನಿಲ್ಲಲಿಲ್ಲ. ಮಿಸ್ ಕಾನ್‌ಸ್ಟನ್ಸ್ “ನನ್ನ ಗೌನು, ನನ್ನ ಗೌನು,” ಎಂದು ಅಳತೊಡಗಿದಳು. ಅವಳನ್ನು ಸರಿಸಿ ಹುಲ್ಲಿನ ಮೇಲೆ ಕೂತೆ. ಎಮ್ರಿಸ್‌ನ ತೋಳು ಹಿಡಿದು ಪಕ್ಕಕ್ಕೆ ಎಳೆದು ಕೂರಿಸಿದೆ.

“ಈಗ ತೆಗೀರಿ ಬುದ್ಧಿ,” ಎಂದೆ. “ಗಂಡ ಹೆಂಡ್ರು ಕುಂತೀವಿ.”

ಎಮ್ರಿಸ್ ಟೋಪಿಯನ್ನು ಇನ್ನೂ ಕೈಯಲ್ಲೇ ಹಿಡಿದುಕೊಂಡಿದ್ದ.